ಓ ಅನ್ನುವವಳು

ಹೊಸನಗರ
22 ಫೆಬ್ರವರಿ 2026, ಭಾನುವಾರ

ಪ್ರೀತಿಯ ಶ್ಯಾಮಾ,

ಹೇಗಿದ್ದೀಯ? ಕುತ್ತಿಗೆ ನೋವು ಈಗ ಹೇಗಿದೆ? ಮದುವೆಗಳ ಕಾಲ, ಬೆಳಗಿನಿಂದ ಸಂಜೆವರೆಗೆ ಮೆಷಿನ್ ಮುಂದೆ ಬಗ್ಗಿಕೊಂಡೇ ಇರುತ್ತೀಯ ಅಂತ ಗೊತ್ತು. ಡಾಕ್ಟರು ಹೇಳಿದ ಎತ್ತರದ ಸ್ಟೂಲು ಮಾಡಿಸಿದೆಯಾ, ಇಲ್ಲ ಅದೇ ಹಳೇ ಸ್ಟೂಲಿನ ಮೇಲೆ ದಿಂಬು ಹಾಕಿಕೊಂಡು ದಿನ ದೂಡುತ್ತಿದ್ದೀಯಾ? ನಿಮ್ಮತ್ತೆ ಮೀನಾಕ್ಷಮ್ಮನವರ ಮಂಡಿ ನೋವಿಗೆ ನಾನು ಕಳಿಸಿದ ಎಣ್ಣೆ ಹಿಡಿಸಿತಾ? ಹರ್ಷನಿಗೆ ಮುಂದಿನ ತಿಂಗಳು ಎಸ್ಸೆಸ್ಸೆಲ್ಸಿ ಪರೀಕ್ಷೆ ಅಲ್ಲವಾ, ಗಣಿತ ಅಂದರೆ ಹೆದರುತ್ತಾನೆ ಅಂದಿದ್ದೆ. ಅವನಿಗೆ ರಾತ್ರಿ ನಿದ್ದೆಗೆಡಿಸಬೇಡ. ನಿನ್ನ ಹಾಗೇ ಅವನೂ ನಿದ್ದೆ ಕೆಟ್ಟರೆ ಸಿಡುಕುವ ಜಾತಿ.

ಫೋನು ಕೈಯಲ್ಲಿರುವಾಗ ಅಕ್ಕ ಯಾಕೆ ಕಾಗದ ಬರೆದಳು ಅಂತ ಗಾಬರಿಯಾಗಬೇಡ. ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಅಪ್ಪನ ಕೆಮ್ಮು ನಿಂತಿದೆ. ನಿನ್ನ ಭಾವ ಮಾಸ್ತಿಕಟ್ಟೆಯಿಂದ ಎಂದಿನ ಹಾಗೆ ಶನಿವಾರ ಸಂಜೆ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಾರೆ. ಆದರೆ ಫೋನಿನಲ್ಲಿ ನಿನ್ನ ಜೊತೆ ಮಾತಾಡುವುದು ಅಂದರೆ ನಿನ್ನ ಇಡೀ ಮನೆಯ ಜೊತೆ ಮಾತಾಡಿದ ಹಾಗೆ. ಕೈ ಬಿಡುವಿಲ್ಲ ಅಂತ ಸ್ಪೀಕರ್ ಹಾಕಿ ಕಿಟಕಿಯಲ್ಲಿ ಇಟ್ಟುಬಿಡುತ್ತೀಯ. ನಾನು ಒಂದು ಮಾತು ಶುರು ಮಾಡುವಷ್ಟರಲ್ಲಿ ಹಿಂದಿನಿಂದ "ಯಾರು, ಸುಚಿತ್ರನಾ? ಆರಾಮಾ ಅಂತ ಕೇಳು" ಅಂತ ಮೀನಾಕ್ಷಮ್ಮನ ದನಿ. ನೀನು ತಕ್ಷಣ "ಉಪ್ಪಿನಕಾಯಿಗೆ ಅಪ್ಪೆಮಿಡಿ ಬಂತಾ ಅಕ್ಕ ನಿಮ್ಮಲ್ಲಿ?" ಅನ್ನುತ್ತೀಯ. ಅವರು ಕೆಟ್ಟವರಲ್ಲ, ನನಗೆ ಗೊತ್ತು. ಆದರೂ ಈ ವಿಷಯ ಕಿಟಕಿಯಲ್ಲಿ ಇಟ್ಟು ಕೇಳುವಂಥದ್ದಲ್ಲ. ಅದಕ್ಕೇ ನಿನ್ನ ಟೈಲರಿಂಗ್ ಅಂಗಡಿಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಬ್ಲೌಸ್ ಕಟ್ ಮಾಡುತ್ತಾ ಓದಬೇಡ. ಕತ್ತರಿ ಕೆಳಗಿಟ್ಟು ಓದು.

ನಮ್ಮ ಸುಮನಾಳಿಗೆ ಅಮೆರಿಕದ ವೀಸಾ ಸಿಗಲಿಲ್ಲ ಅಂತ ಹೇಳಿದಾಗ ನೀನು "ಹೋಗ್ಲಿ ಬಿಡಕ್ಕ, ಅವಳು ಓದಿರೋದಕ್ಕೆ ಇಲ್ಲೇ ಎಲ್ಲಾದ್ರೂ ಕೆಲಸ ಸಿಗ್ತದೆ" ಅಂದೆ. ಯಾಕೆ ಸಿಗಲಿಲ್ಲ ಅಂತ ಕೇಳಲಿಲ್ಲ. ಸ್ಪೀಕರ್ ಹಾಕಿತ್ತು, ನಾನೂ ಹೇಳಲಿಲ್ಲ. ಈಗ ಹೇಳುತ್ತೇನೆ.

ಮೊದಲು ಅವಳು ಎಲ್ಲಿಗೆ, ಯಾಕೆ ಹೊರಟಿದ್ದಾಳೆ ಅನ್ನುವುದು ನಿನಗೆ ಸರಿಯಾಗಿ ಗೊತ್ತಿರಲಿ. ಹಿನ್ನೀರಿನಾಚೆ ತುಮರಿಯ ನಮ್ಮ ತವರುಮನೆಯ ಹಿತ್ತಿಲಿನಲ್ಲಿ ಅಪ್ಪ ತುಡುವೆ ಜೇನಿನ ಪೆಟ್ಟಿಗೆ ಸಾಲಾಗಿ ಇಟ್ಟಿದ್ದದ್ದು, ಒಂದು ವರ್ಷ ರೋಗ ಬಂದು ಹುಳುಗಳೆಲ್ಲ ಸತ್ತು ಪೆಟ್ಟಿಗೆಗಳು ಖಾಲಿಯಾದದ್ದು, ಆಮೇಲೆ ಅವುಗಳಲ್ಲಿ ಅವ್ವ ಕೋಳಿ ಕಾವಿಗೆ ಕೂರಿಸಿದ್ದು ನಿನಗೂ ನೆನಪಿರಬೇಕು. ಆ ಕಥೆಯನ್ನು ಅಪ್ಪ ಮೊಮ್ಮಗಳಿಗೆ ಎಷ್ಟು ಸಲ ಹೇಳಿದರೋ. ಸಾಗರದ ಹತ್ತಿರ ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯದಲ್ಲಿ ಓದುವಾಗ ಅವಳು ಜೇನಿನ ಹಿಂದೆಯೇ ಬಿದ್ದಳು. ಈಗ ಅಮೆರಿಕದ ಒಂದು ಜೇನು ಫಾರ್ಮಿನವರು ಒಂದು ವರ್ಷದ ಇಂಟರ್ನ್‌ಶಿಪ್ ಕೊಟ್ಟಿದ್ದಾರೆ. ಅಲ್ಲಿ ರೋಗ ತಡೆದುಕೊಳ್ಳುವ ರಾಣಿ ಹುಳುಗಳನ್ನೇ ಆರಿಸಿ ಬೆಳೆಸುತ್ತಾರಂತೆ. ಅದನ್ನು ಕಲಿತು ಬಂದು ನಮ್ಮ ತುಡುವೆಯ ಮೇಲೆ ಮಾಡಿ ನೋಡಬೇಕು ಅನ್ನುವುದು ಇವಳ ಆಸೆ. "ಜೇನು ನೋಡಕ್ಕೆ ಅಷ್ಟ್ ದೂರ ಹೋಗದಾ? ನಮ್ ಹುಣಸೆಮರದಾಗೇ ಐತಲ್ಲ" ಅಂತ ಅಪ್ಪ ರೇಗಿಸುತ್ತಾರೆ, ಆದರೆ ಊರಿಗೆಲ್ಲ ಹೇಳಿಕೊಂಡು ಬಂದವರೂ ಅವರೇ.

ಇದಕ್ಕೆ ಕೊಡುವುದು ಎಕ್ಸ್‌ಚೇಂಜ್ ವೀಸಾ. ಕಲಿಯಲು ಹೋಗಿ, ಕಲಿತದ್ದನ್ನು ತೆಗೆದುಕೊಂಡು ವಾಪಸ್ ಬರುವವರಿಗೆ ಮಾತ್ರ. ವಾಪಸ್ ಬರುತ್ತಾಳೆ ಅನ್ನುವ ನಂಬಿಕೆ ಹುಟ್ಟಿಸುವುದೇ ಅದರ ಪರೀಕ್ಷೆ. ಡಿಗ್ರಿ ಮುಗಿದ ಒಂದು ವರ್ಷದೊಳಗೇ ಹೋಗಬೇಕು, ಏಪ್ರಿಲ್‌ನಲ್ಲಿ ಅವಳು ಅಲ್ಲಿ ಇರದಿದ್ದರೆ ಆ ಜಾಗ ಇನ್ನೊಬ್ಬರಿಗೆ ಹೋಗುತ್ತದೆ. ಕಷ್ಟಪಟ್ಟು ಇನ್ನೊಂದು ಇಂಟರ್‌ವ್ಯೂ ಸಿಕ್ಕಿದೆ, ಮಾರ್ಚ್ ಐದಕ್ಕೆ, ಚೆನ್ನೈಯಲ್ಲೇ. ಅಲ್ಲಿಯೂ ಇಲ್ಲ ಅಂದರೆ ಇಲ್ಲ.

ಹೋದ ಸಲ ನಡೆದದ್ದು ಇಷ್ಟು. ನಿನ್ನ ಭಾವ ಚೆನ್ನೈಯ ಅಮೆರಿಕನ್ ಕಾನ್ಸುಲೇಟ್ ಎದುರು, ರಸ್ತೆಯ ಆಚೆ ಮರದ ಕೆಳಗೆ, ಬೇರೆ ಅಪ್ಪಂದಿರ ಜೊತೆ ನಿಂತಿದ್ದರು. ಒಳಗೆ ಬಿಡುವುದು ಅರ್ಜಿ ಹಾಕಿದವರನ್ನು ಮಾತ್ರ. ಗಾಜಿನ ಕಿಟಕಿಯ ಆಚೆ ಕೂತಿದ್ದ ಹೆಂಗಸು ಒಳ್ಳೆಯವಳೇ ಅಂತೆ, ನಗುತ್ತಲೇ ಕೇಳಿದಳಂತೆ. ಜೇನಿನ ಬಗ್ಗೆ ಕೇಳಿದ್ದಕ್ಕೆಲ್ಲ ನಮ್ಮವಳು ಪಟಪಟ ಅಂದಿದ್ದಾಳೆ. ಆಮೇಲೆ, ನಿನ್ನ ತಾಯಿ ಏನು ಮಾಡುತ್ತಾರೆ ಅಂತ ಪ್ರಶ್ನೆ. ಹೊಸನಗರದಲ್ಲಿ ಪಿಯು ಕಾಲೇಜಿನಲ್ಲಿ ಕನ್ನಡ ಲೆಕ್ಚರರ್ ಅಂತ ನನ್ನ ಕೆಲಸ ಹೇಳಿದಳು. ಆ ಹೆಂಗಸು ಕಂಪ್ಯೂಟರ್ ನೋಡಿ, "ಶ್ಯಾಮಲಾ, ಅಲ್ಲವೇ?" ಅಂತ ನಿನ್ನ ಹೆಸರು ಓದಿದಳು. ನಮ್ಮ ಮಗು ಒಂದು ಕ್ಷಣವೂ ಯೋಚಿಸದೆ "ನೋ ಮ್ಯಾಡಂ, ಶ್ಯಾಮಲಾ ಈಸ್ ಮೈ ಆಂಟಿ" ಅಂದುಬಿಟ್ಟಿತು.

ಟೈಪ್ ಮಾಡುತ್ತಿದ್ದ ಬೆರಳು ಅಲ್ಲಿಗೆ ನಿಂತಿತಂತೆ. ಹಾಗಾದರೆ ಅರ್ಜಿಯಲ್ಲಿ ತಾಯಿ ಅಂತ ಯಾಕೆ ಬರೆದಿದೆ ಅಂತ ಕೇಳಿದಳು. ಆಗ ಇವಳಿಗೆ ಹೊಳೆದಿದೆ. ಹೊಳೆದ ಮೇಲೆ ಇನ್ನೂ ಗೋಜಲು ಮಾಡಿಕೊಂಡಳು. ಹೆತ್ತದ್ದು ಅವರು, ಆದರೆ ಅಮ್ಮ ಇವರು, ಅವರೂ ಅಮ್ಮನೇ, ಆದರೆ ಅವರನ್ನು ಹಾಗೆ ಕರೆಯುವುದಿಲ್ಲ ಅಂತ ಏನೇನೋ. ಕೊನೆಗೆ ಆ ಹೆಂಗಸು, ಒಂದು ವರ್ಷ ಆದ ಮೇಲೆ ನೀನು ವಾಪಸ್ ಬರಲು ಇಲ್ಲಿ ನಿನಗೆ ಯಾರಿದ್ದಾರೆ ಅಂದಳು. "ಅಮ್ಮ" ಅಂದಳು ಇವಳು. "ಯಾವ ಅಮ್ಮ?" ಅಂತ ಮರುಪ್ರಶ್ನೆ. ಇವಳು ಫೈಲಿನ ಹಾಳೆ ತಿರುವತೊಡಗಿದಳು. ಗಾಜಿನ ಕೆಳಗಿನ ಸಂದಿಯಿಂದ ವೀಸಾ ಇಲ್ಲ ಅನ್ನುವ ಚೀಟಿ ಈಚೆ ಬಂತು.

ಅವಳು ಸುಳ್ಳು ಹೇಳಲಿಲ್ಲ ಶ್ಯಾಮಾ. ಮೂರನೇ ವರ್ಷದಿಂದ ನಿನ್ನನ್ನು ಚಿಕ್ಕಿ ಅಂತ ಕರೆದವಳು ಇಂಗ್ಲಿಷಿನಲ್ಲಿ ಇನ್ನೇನು ಅಂದಾಳು? ನಮ್ಮಲ್ಲಿ ಚಿಕ್ಕಮ್ಮ ಅಂದರೂ ದೊಡ್ಡಮ್ಮ ಅಂದರೂ ಒಳಗೆ ಅಮ್ಮ ಇದ್ದೇ ಇರುತ್ತಾಳೆ. ಅವರ ಆಂಟಿಯೊಳಗೆ ಯಾರೂ ಇಲ್ಲ. ಬಸ್ಸಿನಲ್ಲಿ ಪಕ್ಕ ಕೂತವಳೂ ಆಂಟಿಯೇ. ನಾನು ಕವಿತೆ ಓದಿ ಓದಿ ಪದಗಳ ಹಿಂದೆ ಬೀಳುತ್ತೇನೆ ಅಂತ ನೀನು ಮೊದಲಿನಿಂದ ನಗುತ್ತೀಯ. ಈ ಸಲ ಪದವೇ ನಮ್ಮ ಹಿಂದೆ ಬಿದ್ದಿದೆ.

ಚಿಕ್ಕಿ ಅಂತ ಕಲಿಸಿದ್ದು ನಮ್ಮವ್ವ. ಸುಮನಾಳ ಅಪ್ಪ ತೀರಿಕೊಂಡು, ಎರಡು ವರ್ಷ ನೀನು ತವರಿನಲ್ಲಿ ಕೂತು, ತೀರ್ಥಹಳ್ಳಿಯಿಂದ ಸಂಬಂಧ ಬಂದಾಗ ತೀರ್ಥೇಶ್ ಕಡೆಯವರು ಒಂದೇ ಮಾತು ಕೇಳಿದ್ದು: ಮಗು ತವರಲ್ಲೇ ಇರಲಿ. ಕೇಳಿದ ದನಿಯಲ್ಲಿ ಒರಟುತನ ಇರಲಿಲ್ಲ. ನಮಗೂ ಆಗ ಅದು ದೊಡ್ಡ ಮಾತು ಅನ್ನಿಸಲಿಲ್ಲ, ಮಗು ಹೇಗೂ ನನ್ನ ಸೊಂಟದ ಮೇಲೆಯೇ ಬೆಳೆಯುತ್ತಿತ್ತು, ನನಗೆ ಮಕ್ಕಳಿರಲಿಲ್ಲ. ನೀನು ಹಬ್ಬಕ್ಕೆ ಬಂದಾಗ ನಿನ್ನ ಕಾಲು ಹಿಂದಕ್ಕೆ ಎಳೆಯದಿರಲಿ ಅಂತ ಅವ್ವ "ಚಿಕ್ಕಿ ಬಂದ್ಲು ನೋಡು, ಚಿಕ್ಕಿ ಏನ್ ತಂದವಳೆ ಕೇಳು" ಅನ್ನುತ್ತಿದ್ದಳು. ಅವ್ವ ಈಗಿಲ್ಲ, ಆ ಪದ ಉಳಿದುಕೊಂಡಿದೆ. ದತ್ತು ಅಂತ ಬರಹ ಮಾಡಿಸೋಣ ಅಂತ ನಿನ್ನ ಭಾವ ಒಂದು ಸಲ ಅಂದಾಗ ಅಪ್ಪ "ನಮ್ ಮಗೀಗೆ ನಾವೇ ಪತ್ರ ಬರ್ಕಳದಾ? ಅದೇನ್ ಗೇಣಿ ಜಮೀನಾ?" ಅಂತ ಸಿಟ್ಟಾಗಿದ್ದರು. ಹಾಗಾಗಿ ಅವಳ ಎಲ್ಲ ದಾಖಲೆಯಲ್ಲೂ ತಾಯಿ ನೀನೇ, ಇರಬೇಕಾದದ್ದೂ ಹಾಗೆಯೇ.

ಚೆನ್ನೈಯಿಂದ ವಾಪಸ್ ಬಂದ ಮೇಲೆ ಶಿವಮೊಗ್ಗದಲ್ಲಿ ನಾರಾಯಣಮೂರ್ತಿ ಅನ್ನುವ ವೀಸಾ ಏಜೆಂಟರ ಹತ್ತಿರ ಹೋಗಿದ್ದೆವು. ಅವರು ಎಲ್ಲ ಕೇಳಿ, ಕನ್ನಡಕ ತೆಗೆದು ಒರೆಸುತ್ತಾ, "ಎರಡು ತಾಯಿ ಅಂದ್ರೆ ಆ ಜನಕ್ಕೆ ತಲೆಗೆ ಹೋಗಲ್ಲ ಮೇಡಂ. ಒಂದ್ ಇಟ್ಕೊಳ್ಳಿ" ಅಂದರು. ನಿನ್ನ ಭಾವ ಎದ್ದೇ ನಿಂತರು. "ಏನ್ರೀ, ಗ್ಯಾಸ್ ಸಿಲಿಂಡರ್ ಅಂದ್ಕೊಂಡ್ರಾ?" ಏಜೆಂಟರ ಸಲಹೆ ಏನೆಂದರೆ, ಶ್ಯಾಮಲಾ ಅನ್ನುವವರು ಹೊಸನಗರದಲ್ಲಿ ಮಗಳ ಜೊತೆಗೇ ಇದ್ದಾರೆ, ಅವರೇ ಲೆಕ್ಚರರ್, ಹೋದ ಸಲ ಹುಡುಗಿ ಗಾಬರಿಯಲ್ಲಿ ತಪ್ಪು ಹೇಳಿದಳು ಅನ್ನಬೇಕು. ನಾನು ನೀನಾಗಬೇಕು. ಎಷ್ಟು ಸಲೀಸಾಗಿ ಹೇಳಿದರು! ಸುಮನಾ ಅಲ್ಲೇ "ಸುಳ್ಳು ಹೇಳಿ ಹೋಗೋದಾದ್ರೆ ನಂಗೆ ಬೇಡ" ಅಂದಳು. ಸುಳ್ಳು ನಿಲ್ಲುವುದೂ ಇಲ್ಲ. ಈ ವೀಸಾಕ್ಕೆ ಇನ್‌ಸ್ಟಾಗ್ರಾಮು ಅದು ಇದು ಎಲ್ಲವನ್ನೂ ಯಾರು ಬೇಕಾದರೂ ನೋಡುವ ಹಾಗೆ ತೆರೆದಿಡಬೇಕು. ಅಲ್ಲಿ ಅವಳು ನನ್ನ ಫೋಟೋ ಹಾಕಿ ಕೆಳಗೆ "ಅಮ್ಮ" ಅಂತ ಬರೆದಿದ್ದಾಳೆ. ಹಿಂದಿನ ವರ್ಷ ನಿಮ್ಮ ಮನೆಯ ಗೃಹಪ್ರವೇಶದಲ್ಲಿ ನಿನ್ನ ಜೊತೆ ತೆಗೆಸಿಕೊಂಡದ್ದಕ್ಕೆ "ಚಿಕ್ಕಿ ಮತ್ತು ನಾನು" ಅಂತ. ತೆಗೆದರೆ ಏನೋ ಮುಚ್ಚಿಡುತ್ತಿದ್ದೇವೆ ಅಂತ ಅನುಮಾನ, ಬಿಟ್ಟರೂ ಅನುಮಾನ. ಬಿಟ್ಟಿದ್ದೇವೆ.

ಉಳಿದಿರುವ ದಾರಿ ನಿಜ ಹೇಳುವುದು. ನನ್ನ ತಾಯಿ ಶ್ಯಾಮಲಾ, ತೀರ್ಥಹಳ್ಳಿಯಲ್ಲಿದ್ದಾರೆ, ಟೈಲರಿಂಗ್ ಅಂಗಡಿ ಇದೆ. ನಾನು ಬೆಳೆದದ್ದು ದೊಡ್ಡಮ್ಮನ ಮನೆಯಲ್ಲಿ. ಇಬ್ಬರೂ ಇಲ್ಲಿದ್ದಾರೆ, ವಾಪಸ್ ಬರುತ್ತೇನೆ. ಬರೆದರೆ ಮೂರು ಸಾಲು. ಮನೆಯಲ್ಲಿ ಅಭ್ಯಾಸ ಮಾಡಿಸುತ್ತಿದ್ದೇವೆ. ನಿನ್ನ ಭಾವ ಅಡಿಗೆಮನೆಯ ಒಳಗೆ, ಬಡಿಸುವ ಕಿಟಕಿಯ ಹಿಂದೆ, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಆಫೀಸರ್ ಆಗಿ ಕೂರುತ್ತಾರೆ. ಇವಳು ಈಚೆ ಫೈಲು ಹಿಡಿದು ನಿಲ್ಲುತ್ತಾಳೆ. ಅಪ್ಪ ಸುಮ್ಮನಿರುವುದಿಲ್ಲ, ಕೇಳಿದ ಪ್ರತಿ ಪ್ರಶ್ನೆಗೂ ಕುರ್ಚಿಯಿಂದ ತಾವೇ ಉತ್ತರ ಹೇಳುತ್ತಾರೆ. "ಬರದೆ ಮತ್ತೆಲ್ಲಿಗ್ ಹೋಗ್ತಾಳೆ? ತುಮರಿಗೆ ಸೇತುವೆ ಬೇರೆ ಆಗೈತಿ, ಲಾಂಚಿಗೆ ಕಾಯಂಗೂ ಇಲ್ಲ ಅಂತ ಹೇಳೇ." ಎಲ್ಲರೂ ನಗುತ್ತೇವೆ. ಆಮೇಲೆ ನಿನ್ನ ಭಾವ ಆ ಪ್ರಶ್ನೆಗೆ ಬರುತ್ತಾರೆ. ನಿನ್ನ ತಾಯಿಯ ಹೆಸರೇನು? "ಶ್ಯಾಮಲಾ" ಅನ್ನುತ್ತಾಳೆ. ಅವರು ಎಲ್ಲಿದ್ದಾರೆ? ಅಷ್ಟಕ್ಕೆ ಅವಳ ಕಣ್ಣು ಕಿಟಕಿಯ ಒಳಗೆ, ಒಲೆಯ ಹತ್ತಿರ ನಿಂತ ನನ್ನ ಕಡೆಗೆ ಹೋಗುತ್ತದೆ. ಸಾರಿನ ಪಾತ್ರೆಗೆ ಮುಖ ತಿರುಗಿಸಿಕೊಂಡು ನಿಂತರೂ ಆಗುವುದಿಲ್ಲ. ನಿನ್ನೆ ನಾನು ಹಿತ್ತಿಲಿಗೇ ಹೋಗಿ ನಿಂತೆ. ಒಳಗಿನಿಂದ ನಿನ್ನ ಭಾವನ ದನಿ ಕೇಳಿತು: "ಸಾಕು ಬಿಡು ಮಗಳೇ, ನಾಳೆ ನೋಡೋಣ."

ಎಷ್ಟು ಕಡಿಮೆ ಗೊತ್ತು ನೋಡು ಅವಳಿಗೆ ನಿನ್ನ ಬಗ್ಗೆ. ಅರ್ಜಿ ತುಂಬುವಾಗ ನಿನ್ನ ಹುಟ್ಟಿದ ದಿನ ನನ್ನನ್ನು ಕೇಳಿ ಬರೆದಳು. ಒಡಹುಟ್ಟಿದವರು ಇದ್ದಾರಾ ಅಂತ ಕೇಳಿದರೆ ಏನು ಹೇಳಲಿ ಅಂದಳು. ಹರ್ಷ ಇದ್ದಾನಲ್ಲೇ ಅಂದೆ. "ಅವನಿಗೆ ಗೊತ್ತಾ?" ಅಂದಳು. ಅವನು ಇವಳನ್ನು ಅಕ್ಕ ಅನ್ನುತ್ತಾನೆ. ದೊಡ್ಡಮ್ಮನ ಮಗಳೂ ಅಕ್ಕನೇ, ಒಂದೇ ಹೊಟ್ಟೆಯಲ್ಲಿ ಹುಟ್ಟಿದವಳೂ ಅಕ್ಕನೇ. ಆ ಪದ ನಿನ್ನನ್ನು ಇಷ್ಟು ವರ್ಷ ಕಾಪಾಡಿದೆ. ಯಾರಾದರೂ ಅವನ ಕಿವಿಗೆ ಹಾಕಿರುತ್ತಾರೆ ಅಂತ ನನ್ನ ಅಂದಾಜು, ಆದರೆ ನಿನ್ನ ಬಾಯಿಂದ ಅವನು ಕೇಳಿಲ್ಲ ಅನ್ನುವುದು ನನಗೆ ಗೊತ್ತು. ಪರೀಕ್ಷೆ ಮುಗಿಯಲಿ ಅಕ್ಕ ಅನ್ನುತ್ತೀಯ. ಅವನ ಪರೀಕ್ಷೆಗಿಂತ ಮೊದಲು ಇವಳ ಪರೀಕ್ಷೆ ಇದೆ.

ನಿನ್ನೆ ರಾತ್ರಿ ಪಾತ್ರೆ ಒರೆಸುತ್ತಾ ಅವಳು ಒಂದು ಮಾತು ಹೇಳಿದಳು. "ಅಮ್ಮ, ಚಿಕ್ಕಿನ ನಾನು ಒಂದ್ ಸಲಾನೂ ಅಮ್ಮ ಅಂತ ಕರ್ದಿಲ್ಲ ಅಲ್ವಾ? ಮನೇಲಿ ಕರೀದೇ ಇರೋದನ್ನ ಆ ಗಾಜಿನ ಹಿಂದಿನವಳ ಮುಂದೆ ಹೇಗ್ ಹೇಳ್ಲಿ? ನಿಜ ಹೇಳಿದ್ರೂ ಸುಳ್ಳಿನ ಥರಾನೇ ಕೇಳ್ಸತ್ತೆ." ಕರೆದಿದ್ದಾಳೆ ಅಂತ ನನಗೆ ಗೊತ್ತು, ನಿನಗೂ ಗೊತ್ತು.

ನಿನ್ನ ಮದುವೆಯ ಮಾರನೆಯ ದಿನ, ತುಮರಿ ದಡದಿಂದ ಆಚೆ ದಡದ ಹೊಳೆಬಾಗಿಲಿಗೆ ಹೊರಟ ಲಾಂಚಿನಲ್ಲಿ ನೀನು, ತೀರ್ಥೇಶ್, ದಿಬ್ಬಣದ ಜೀಪು. ನಾನು ದಡದಲ್ಲಿ, ಮಗು ನನ್ನ ಸೊಂಟದ ಮೇಲೆ. ಅದಕ್ಕೂ ಮುಂಚೆ ಮನೆಯಲ್ಲಿ ಅದು "ಅಮ್ಮಾ" ಅಂತ ಕೂಗಿದರೆ ನೀನು ಬಾವಿಯ ಹತ್ತಿರದಿಂದ, ನಾನು ಒಳಗಿನಿಂದ, ಇಬ್ಬರೂ "ಓ" ಅನ್ನುತ್ತಿದ್ದೆವು. ಅವ್ವ ನಗುತ್ತಿದ್ದಳು, "ಒಂದ್ ಕೂಗಿಗೆ ಎರಡ್ ಓ" ಅಂತ. ಆವತ್ತು ಲಾಂಚು ದಡ ಬಿಟ್ಟ ಮೇಲೆ ಮಗು ನಿನ್ನ ಕಡೆ ಕೈ ಚಾಚಿ ಅಮ್ಮಾ ಅಂತ ಕೂಗಿತು. ಇಂಜಿನ್ನಿನ ಸದ್ದು. ನಿನ್ನ ಬಾಯಿ ತೆರೆದದ್ದನ್ನು ನೋಡಿದೆ. ಪಕ್ಕದಲ್ಲಿ ಹೊಸ ಅತ್ತೆ ನಿಂತಿದ್ದರು, ನೀನು ಬಾಯಿ ಮುಚ್ಚಿದೆ. ಮಗು ಇನ್ನೊಂದು ಸಲ ಕೂಗಿತು. ಓ ಅಂದವಳು ನಾನು. ಮಗು ನನ್ನ ಮುಖ ನೋಡಿ ಸುಮ್ಮನಾಯಿತು. ಆಮೇಲೆ ಹಬ್ಬಕ್ಕೆ ನೀನು ಬಂದಾಗಲೆಲ್ಲ ಅವಳು ಎಲ್ಲಿಂದಲಾದರೂ ಅಮ್ಮಾ ಅಂದರೆ ನಿನ್ನ ಕೈಯಲ್ಲಿದ್ದ ಕೆಲಸ ನಿಲ್ಲುತ್ತಿತ್ತು, ನೀನು ನನ್ನ ಕಡೆ ನೋಡುತ್ತಿದ್ದೆ, ನಾನು ಓ ಅಂದ ಮೇಲೆ ಕೆಲಸ ಮುಂದುವರಿಸುತ್ತಿದ್ದೆ. ಆ ನಿಂತ ಕೈಯನ್ನು ನಾನು ಎಂದೂ ಮರೆತಿಲ್ಲ.

ಮೊನ್ನೆ ಅವಳು ಅಪ್ಪನಿಗೆ ರಾಣಿ ಹುಳು ಬೆಳೆಸುವ ಕ್ರಮ ಹೇಳುತ್ತಿದ್ದಳು. ಒಂದು ಪೆಟ್ಟಿಗೆಯಲ್ಲಿ ಹುಟ್ಟಿದ ಮರಿಯನ್ನು ಸಣ್ಣ ಕಡ್ಡಿಯಲ್ಲಿ ಎತ್ತಿ ಇನ್ನೊಂದು ಪೆಟ್ಟಿಗೆಗೆ ಇಡುತ್ತಾರಂತೆ, ಅಲ್ಲಿಯ ಹುಳುಗಳು ತಮ್ಮದೇ ಅಂತ ಸಾಕುತ್ತವಂತೆ. ಅಪ್ಪ ಎಲ್ಲ ಕೇಳಿಸಿಕೊಂಡು, "ಮರಿ ಕಳ್ಕಂಡ ಪೆಟ್ಗೆ ಏನ್ ಮಾಡ್ತದೆ?" ಅಂದರು. "ಅದು ಪುಸ್ತಕದಲ್ಲಿಲ್ಲ ಅಜ್ಜ" ಅಂದಳು.

ಇದನ್ನೆಲ್ಲ ಬರೆಯುವುದು ನನಗೆ ಸುಲಭ ಅಂತ ತಿಳಿಯಬೇಡ. ಒಂದು ಪದವನ್ನು ಇಷ್ಟು ವರ್ಷ ಒಬ್ಬಳೇ ಇಟ್ಟುಕೊಂಡವಳು ಈಗ ಅದನ್ನು ಹಂಚಬೇಕು. ಅವಳು ನಿನ್ನನ್ನು ಹಾಗೆ ಕರೆದು ಮನೆಗೆ ಬಂದ ಮೇಲೆ ನನ್ನನ್ನು ಕರೆಯುವ ದನಿ ಬೇರೆಯಾದರೆ? ವೀಸಾ ಸಿಗದಿದ್ದರೆ ಅವಳು ಇಲ್ಲೇ ಇರುತ್ತಾಳಲ್ಲ ಅಂತ ಒಂದು ಕೆಟ್ಟ ಯೋಚನೆಯೂ ಬಂದು ಹೋಯಿತು. ಆದರೆ ಯಾವ ಅಮ್ಮ ಅಂತ ಕೇಳ್ತಾರೆ ಅನ್ನುವ ಹೆದರಿಕೆಯಲ್ಲಿ ಅವಳು ಆ ಗಾಜಿನ ಮುಂದೆ ಮತ್ತೊಮ್ಮೆ ನಿಲ್ಲುವುದನ್ನು ನಾನು ಸಹಿಸಲಾರೆ.

ತೀರ್ಥೇಶ್‌ಗೂ ಮೀನಾಕ್ಷಮ್ಮನವರಿಗೂ ನನ್ನ ನಮಸ್ಕಾರ ಹೇಳು. ಹರ್ಷನಿಗೆ ಪರೀಕ್ಷೆ ಚೆನ್ನಾಗಿ ಆಗಲಿ ಅಂತ ದೊಡ್ಡಮ್ಮ ಹರಸಿದ್ದಾಳೆ ಅನ್ನು. ಅಪ್ಪ ನಿನ್ನನ್ನು ಕೇಳುತ್ತಿರುತ್ತಾರೆ. ಕುತ್ತಿಗೆ ಜೋಪಾನ.

ನಿನ್ನ ಅಕ್ಕ,
ಸುಚಿತ್ರಾ

ಮ.ವಿ.: ಕವರು ಅಂಟಿಸುವ ಮೊದಲು ಇಷ್ಟು. ಬರುವ ಭಾನುವಾರ ಬೆಳಗಿನ ಬಸ್ಸಿಗೆ ಸುಮನಾಳನ್ನು ಕರೆದುಕೊಂಡು ನಿಮ್ಮ ಮನೆಗೆ ಬರುತ್ತೇನೆ. ನಿನ್ನ ಆಶೀರ್ವಾದ ತೆಗೆದುಕೊಂಡು ಹೋಗಲಿ ಅಂತ ಮಾತ್ರ ಅವಳಿಗೆ ಹೇಳಿದ್ದೇನೆ. ಅಷ್ಟರೊಳಗೆ ಹರ್ಷನಿಗೆ ನೀನೇ ಹೇಳು, ಬೇರೆ ಯಾರೂ ಬೇಡ. ಗೇಟಿನ ಹತ್ತಿರ ಅವಳನ್ನು ಮುಂದೆ ಬಿಟ್ಟು, ನಿನ್ನನ್ನು ಕರೆ ಅನ್ನುತ್ತೇನೆ. ಹೇಗೆ ಕರೆಯುತ್ತಾಳೋ ಗೊತ್ತಿಲ್ಲ. ಅಮ್ಮಾ ಅಂದರೆ, ಎದುರಿಗೆ ಯಾರೇ ಇರಲಿ, ನನ್ನ ಮುಖ ನೋಡಬೇಡ. ನಾನು ಬಾಯಿ ಮುಚ್ಚಿಕೊಂಡು ನಿಂತಿರುತ್ತೇನೆ. ಈ ಸಲ ಓ ಅನ್ನುವವಳು ನೀನು.